ಸಮಾನಾರ್ಥ, ವಿರುದ್ಧಾರ್ಥ, ಒಂದೇ ಸದ್ದಿನ ಪದ: ಹಬ್ಬದ ಆಟಕ್ಕೆ ಚೀಟಿ ಹೇಗೆ ಮಾಡೋಣ?

ಗುಬ್ಬಿಗೂಡು (ತುಮಕೂರು):
ಎಲ್ಲರಿಗೂ ನಮಸ್ಕಾರ. ಹಬ್ಬಕ್ಕೆ ನೆಂಟರು ಸೇರಿದರೆ ಊಟ ಆದ ಮೇಲೆ ನಮ್ಮ ಮನೆಯಲ್ಲಿ ಪದದ ಆಟ ಇದ್ದೇ ಇರುತ್ತದೆ. ಎರಡು ತಂಡ, ನಡುವೆ ಮೂರು ಕಟ್ಟು ಚೀಟಿ. ಮೊದಲ ಕಟ್ಟಿನ ಚೀಟಿ ಎತ್ತಿದರೆ ಅದೇ ಅರ್ಥದ ಇನ್ನೊಂದು ಪದ ಹೇಳಬೇಕು. ಎರಡನೇ ಕಟ್ಟಾದರೆ ಉಲ್ಟಾ ಅರ್ಥದ ಪದ. ಮೂರನೇ ಕಟ್ಟಿನಲ್ಲಿ ಸದ್ದು ಒಂದೇ, ಅರ್ಥ ಬೇರೆ: ಚೀಟಿ ಹಿಡಿದವರು ಎರಡೂ ಅರ್ಥಕ್ಕೆ ಸುಳಿವು ಕೊಡುತ್ತಾರೆ, ಅವರ ತಂಡ ಪದ ಹೇಳಬೇಕು. ಮರಳು ಗಡಿಯಾರದ ಮರಳು ಇಳಿಯುವ ತನಕ ಹೊತ್ತು.

ಇಂಗ್ಲಿಷ್‌ನಲ್ಲಿ ಈ ಥರದ ಆಟ ಡಬ್ಬಿಯಲ್ಲೇ ಸಿಗುತ್ತವೆ. ಆ ಚೀಟಿಗಳನ್ನೇ ಕನ್ನಡ ಮಾಡಿದರೆ ಮೊದಲ ಎರಡು ಕಟ್ಟು ಹೇಗೋ ನಡೆಯುತ್ತವೆ. ಮೂರನೆಯದು ನಡೆಯುವುದಿಲ್ಲ. ಇಂಗ್ಲಿಷ್‌ನಲ್ಲಿ ಹಿಟ್ಟಿಗೂ ಹೂವಿಗೂ ಉಚ್ಚಾರ ಒಂದೇ, ಬರೆಯುವುದು ಬೇರೆ. ಮಗನಿಗೂ ಸೂರ್ಯನಿಗೂ ಹಾಗೆಯೇ. ನಾವು ಹೇಳಿದಂತೆ ಬರೆಯುವವರು, ನಮ್ಮಲ್ಲಿ ಆ ಜಾತಿಯ ಜೋಡಿ ಸಿಗುವುದೇ ಕಷ್ಟ. ಆದರೆ ನಮ್ಮ ಭಾಷೆಯಲ್ಲಿ ಇದಕ್ಕಿಂತ ಚೆನ್ನಾದ ಆಟ ಅಡಗಿದೆ ಅನ್ನುವುದು ನನ್ನ ನಂಬಿಕೆ. ಅದನ್ನು ಇಲ್ಲಿನ ಮಾತಿನಿಂದಲೇ ಕಟ್ಟಬೇಕು.

ಯುಗಾದಿಗೆ ಹೊಸ ಚೀಟಿ ಬರೆಯಬೇಕು ಅಂತಿದ್ದೇನೆ. ನಾಲ್ಕನೇ ಕ್ಲಾಸಿನ ಮಗುವೂ ಇರುತ್ತದೆ, ಶಾಲೆಗೇ ಹೋಗದ ಅಜ್ಜಿಯೂ ಇರುತ್ತಾರೆ. ಇಬ್ಬರೂ ಕೂತು ಆಡುವಂತೆ ಇರಬೇಕು. ಯಾವ ಪದ ಹಾಕಲಿ? ಏನು ನಿಯಮ ಇಡಲಿ?

ತೆಂಗಿನಗರಿ (ತಿಪಟೂರು):
ನಿಮ್ಮ ಹೆಸರಲ್ಲೇ ಮೊದಲ ಚೀಟಿ ಇದೆಯಲ್ಲ ಅಕ್ಕ! ಗುಬ್ಬಿ. ಹಕ್ಕಿಯೂ ಹೌದು, ತುಮಕೂರಿಂದ ನಮ್ಮೂರಿಗೆ ಬರುವ ದಾರಿಯ ಊರೂ ಹೌದು.

ಇನ್ನೂ ಬೇಕಾದರೆ ತಗೊಳ್ಳಿ. ಅರಸು (ರಾಜ, ಹುಡುಕು). ಕಾಲು (ನಡೆಯೋದು, ನಾಲ್ಕರಲ್ಲಿ ಒಂದು ಭಾಗ). ಹತ್ತು (ಎಣಿಕೆ, ಮರ ಹತ್ತು). ಏಳು. ಕಾಡು. ಮುತ್ತು. ಸೇರು (ಅಳತೆಯ ಸೇರು, ಬಂದು ಸೇರು). ಹಿಂಡು (ಕುರಿ ಹಿಂಡು, ಬಟ್ಟೆ ಹಿಂಡು). ನೆರೆ ಹಾಕಿ, ಅದಕ್ಕೆ ಮೂರು ಅರ್ಥ ಇದೆ: ಪಕ್ಕದ ಮನೆ, ಪ್ರವಾಹ, ತಲೆ ನೆರೆಯೋದು. ಮಡಿಗೆ ಇನ್ನೂ ಜಾಸ್ತಿ. ಪೈರಿನ ಮಡಿ, ಪೂಜೆಯ ಮಡಿ, ಬಟ್ಟೆ ಮಡಿಸೋದು, ಯುದ್ಧದಲ್ಲಿ ಮಡಿಯೋದು.

ನಮ್ಮ ರಾಗಿ ಹೊಲದವರಿಗೆ ಒಂದು ಚೀಟಿ: ಬಿತ್ತು. ಸುಳಿವು ಹೀಗೆ ಕೊಡಬಹುದು: 'ಮಳೆ ಏನಾಯ್ತು? ಆದ ಮೇಲೆ ನೀನೇನು ಮಾಡು?' ಎರಡಕ್ಕೂ ಒಂದೇ ಉತ್ತರ. ಅಜ್ಜಿ ಇದನ್ನು ಮಕ್ಕಳಿಗಿಂತ ಮೊದಲೇ ಹೇಳುತ್ತಾರೆ, ನೋಡ್ತಾ ಇರಿ.

ಬೆಟ್ಟದಡಿ ಮೇಷ್ಟ್ರು (ಮಧುಗಿರಿ):
ಒಳ್ಳೆಯ ಕೆಲಸ ಎತ್ತಿಕೊಂಡಿದ್ದೀಯಮ್ಮ. ಕನ್ನಡ ಪಾಠ ಮಾಡಿದವನಾಗಿ ಒಂದೆರಡು ಮಾತು.

ತಿಪಟೂರಿನವರು ಬರೆದ ಪಟ್ಟಿಗೆ ಶಾಲೆಯಲ್ಲಿ ನಾನಾರ್ಥ ಅನ್ನುತ್ತೇವೆ. ಇದು ಹಳೆಯ ವಿದ್ಯೆ. ಅಮರಕೋಶ ಅನ್ನುವ ಹಳೆಯ ಸಂಸ್ಕೃತ ನಿಘಂಟಿನ ಮೂರನೇ ಕಾಂಡದಲ್ಲಿ ನಾನಾರ್ಥಕ್ಕೇ ಒಂದು ವರ್ಗ ಇದೆ. ಸಮಾನಾರ್ಥವೂ ಅದೇ ಕೋಶದಲ್ಲಿದೆ, ಹಿಂದೆ ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಿದ್ದರು. ಆನೆಗೆ ಗಜ, ಕರಿ, ದಂತಿ, ಹಸ್ತಿ, ಕುಂಜರ ಅಂತ ಗಡಗಡ ಹೇಳುತ್ತಿದ್ದವರು ಆ ಕಾಲದವರು.

ನಿನ್ನ ಮೂರನೇ ಕಟ್ಟಿಗೆ ಬಹಳ ಒಳ್ಳೆಯ ಪದ ಒಂದಿದೆ: ಕರೆ. ಹೆಸರು ಹಿಡಿದು ಕರೆ, ಹಾಲು ಕರೆ. 'ಹಸು ಕರೆ' ಅಂದರೆ ಎರಡೂ ಆಗುತ್ತದೆ. ಈಗ ಎರಡನ್ನೂ ಒಂದೇ ಥರ ಬರೆಯುತ್ತೇವೆ. ಹಳಗನ್ನಡದಲ್ಲಿ ಹಾಗಿರಲಿಲ್ಲ. ಕೂಗುವುದು ಕರೆ, ಹಾಲು ಹಿಂಡುವುದು ಕಱೆ. ಆ ದಪ್ಪ ರ ಅಕ್ಷರ ಬಿಟ್ಟುಹೋಯಿತು, ಎರಡು ಪದ ಒಂದರೊಳಗೆ ಒಂದು ಬಂದು ಕೂತವು. ಅರಿ ನೋಡು. ಕತ್ತರಿಸು ಅನ್ನುವುದು ಅರಿ, ತಿಳಿದುಕೋ ಅನ್ನುವುದು ಅಱಿ. ಸಂಸ್ಕೃತದಿಂದ ಬಂದ ಅರಿ ಅಂದರೆ ಶತ್ರು. ಮೂವರೂ ಈಗ ಒಂದೇ ಮನೆಯಲ್ಲಿ. ಬಾಳು ಕೂಡ ಹಾಗೆಯೇ. ಕತ್ತಿ ಅನ್ನುವ ಬಾಳ್ ಬೇರೆ ಇತ್ತು, ಬದುಕು ಅನ್ನುವ ಬಾೞ್ ಬೇರೆ ಇತ್ತು.

13ನೇ ಶತಮಾನದಲ್ಲಿ ಕೇಶಿರಾಜ ಶಬ್ದಮಣಿದರ್ಪಣ ಅನ್ನುವ ಕನ್ನಡ ವ್ಯಾಕರಣ ಬರೆದಾಗ ಈ ಱ, ೞ ಎಲ್ಲಿ ಬರಬೇಕು ಅಂತ ವಿವರವಾಗಿ ಹೇಳಬೇಕಾಗಿ ಬಂತು. ಅಂದರೆ ಇಂಗ್ಲಿಷ್‌ನವರ ಥರ ಬರಹ ಬೇರೆ, ಸದ್ದು ಒಂದು ಅನ್ನುವ ಜೋಡಿಗಳು ಅಕ್ಷರ ಉಳಿಸಿಕೊಂಡಿದ್ದರೆ ನಮ್ಮಲ್ಲೂ ಇರುತ್ತಿದ್ದವು. ಸಂಶಯ ಬಂದರೆ 1894ರ ಕಿಟ್ಟೆಲ್ ನಿಘಂಟು ತೆಗೆದು ನೋಡು. ಎರಡನ್ನೂ ಬೇರೆ ಬೇರೆಯಾಗಿಯೇ ಕೊಟ್ಟಿದ್ದಾರೆ.

ಸೊಪ್ಪಿನ ಸಾರು (ಚಿಂತಾಮಣಿ):
ಮೇಷ್ಟ್ರೇ, ಕರೆ ವಿಷಯ ಓದಿ ಖುಷಿಯಾಯಿತು. ನಮ್ಮ ಕಡೆಯ ಮನೆಗಳಲ್ಲಿ ಇನ್ನೊಂದು ಗಮ್ಮತ್ತು ಇದೆ. ಚಿಂತಾಮಣಿ, ಬಾಗೇಪಲ್ಲಿ, ಶ್ರೀನಿವಾಸಪುರ, ಮುಳಬಾಗಿಲು ಕಡೆ ಒಂದೇ ಮನೆಯಲ್ಲಿ ಕನ್ನಡ, ತೆಲುಗು ಎರಡೂ ಓಡಾಡುತ್ತವೆ. ಅಪ್ಪನ ಹತ್ತಿರ ಕನ್ನಡ, ಅಜ್ಜಿ ಹತ್ತಿರ ತೆಲುಗು. ಹಾಗಾಗಿ ನಾವು ಮೂರನೇ ಕಟ್ಟಿನಲ್ಲಿ ಕನ್ನಡದ ಪದ, ಅದೇ ಸದ್ದಿನ ತೆಲುಗು ಪದ ಎರಡನ್ನೂ ಸೇರಿಸುತ್ತೇವೆ.

ಹೋದ ದೀಪಾವಳಿಯದು ಹೇಳುತ್ತೇನೆ. ಚೀಟಿ ಚಿಕ್ಕಪ್ಪನ ಕೈಗೆ ಬಂತು. ಅವರು ಕನ್ನಡಕ ಸರಿ ಮಾಡಿಕೊಂಡು ಓದಿ, ಸ್ವಲ್ಪ ಹೊತ್ತು ಮೇಲೆ ನೋಡಿದರು. ಆಮೇಲೆ, 'ಬಾಗೇಪಲ್ಲಿಯಲ್ಲಿ ಇದನ್ನ ಎಲ್ಲರೂ ಆಡ್ತಾರೆ, ಯಾರೂ ಹೆದರಲ್ಲ. ತುಮಕೂರಲ್ಲಿ ಇದನ್ನ ಮಾಡಿಸ್ತಾರಂತೆ, ನಿಂಬೆಹಣ್ಣು ಬೇಕು' ಅಂದರು. ಹುಡುಗರೆಲ್ಲ ಕ್ರಿಕೆಟ್, ಲಗೋರಿ ಅಂತ ಕೂಗಿದರು. ಒಳಗೆ ಪಾತ್ರೆ ತೆಗೆದಿಡುತ್ತಿದ್ದ ಅತ್ತೆ ಅಲ್ಲಿಂದಲೇ 'ಮಾಟ!' ಅಂದರು. ತೆಲುಗಿನ ಮಾಟ ಅಂದರೆ ಮಾತು. ಕನ್ನಡದ ಮಾಟ ಗೊತ್ತೇ ಇದೆ. ಮರಳು ಇನ್ನೂ ಅರ್ಧ ಕೂಡ ಇಳಿದಿರಲಿಲ್ಲ.

ಇನ್ನು ಕೆಲವು ಕೊಡುತ್ತೇನೆ. ಎದ್ದು: ಕನ್ನಡದಲ್ಲಿ ಬೆಳಗ್ಗೆ ಮಾಡೋದು, ತೆಲುಗಲ್ಲಿ ಎತ್ತು. ತೇಲು: ಇಲ್ಲಿ ನೀರ ಮೇಲೆ, ಅಲ್ಲಿ ಚೇಳು. ನೆಲ: ಇಲ್ಲಿ ಕಾಲ ಕೆಳಗೆ, ಅಲ್ಲಿ ತಿಂಗಳು. ಪಾಲು: ಇಲ್ಲಿ ಹಂಚೋದು, ಅಲ್ಲಿ ಕುಡಿಯೋದು. ಕಲ್ಲು: ಇಲ್ಲಿ ತಾಗಿದರೆ ನೋವು, ಅಲ್ಲಿ ಕುಡಿದರೆ ಅಮಲು.

ಕೆರೆಕೋಡಿ (ಕುಣಿಗಲ್):
ಕ್ಷಮಿಸಿ, ನನಗೆ ಇದು ಸರಿ ಕಾಣಲಿಲ್ಲ. ಆಟ ಕನ್ನಡದ್ದು ಅಲ್ವಾ? ಮಕ್ಕಳಿಗೆ ಈಗಲೇ ಕನ್ನಡ ಪದ ಕಡಿಮೆ ಆಗ್ತಿದೆ. ಸ್ಕೂಲಲ್ಲಿ ಇಂಗ್ಲಿಷ್, ಫೋನಲ್ಲಿ ಇಂಗ್ಲಿಷ್. ಹಬ್ಬದ ದಿನವಾದರೂ ಕನ್ನಡ ಕೇಳಲಿ ಅಂತ ಈ ಆಟ ಇಟ್ಟುಕೊಳ್ಳೋದು. ಅದರಲ್ಲೂ ಬೇರೆ ಭಾಷೆ ತಂದರೆ ತುಮಕೂರಿನ ಮಗುವಿಗೆ ಏನು ಗೊತ್ತಾಗುತ್ತೆ? ತೆಲುಗು ಬಾರದವರು ಸುಮ್ನೆ ಕೂರಬೇಕು.

ಸೊಪ್ಪಿನ ಸಾರು (ಚಿಂತಾಮಣಿ):
ಅಣ್ಣ, ನಿಮ್ಮ ಕಾಳಜಿ ನನಗೂ ಇದೆ. ಆದರೆ ನಮ್ಮನೆ ಅಜ್ಜಿಗೆ ತೆಲುಗು ಬಿಡಿಸಿ ಕನ್ನಡ ಆಡಿಸೋಕೆ ಆಗಲ್ಲ. ಎರಡೂ ಇದ್ದರೆ ಅವರೂ ಆಡುತ್ತಾರೆ, ಮೊಮ್ಮಕ್ಕಳಿಗೆ ಎರಡೂ ಸಿಗುತ್ತವೆ. ಸಂತ ಕೈವಾರ ತಾತಯ್ಯನವರು ನಮ್ಮ ತಾಲೂಕಿನವರೇ. ತೆಲುಗಲ್ಲೂ ಹಾಡಿದರು, ಕನ್ನಡದಲ್ಲೂ ಹಾಡಿದರು. ಮಾಲೂರು ತಾಲೂಕಿನ ಮಾಸ್ತಿಯವರ ಮನೆಮಾತು ತಮಿಳು, ಅವರು ಕನ್ನಡಕ್ಕೆ 1983ರ ಜ್ಞಾನಪೀಠ ತಂದರು. ಮನೆಯಲ್ಲಿ ಇನ್ನೊಂದು ಭಾಷೆ ಇದ್ದ ಮಾತ್ರಕ್ಕೆ ಕನ್ನಡ ಬಡವಾಗಲ್ಲ.

ಗಣಿಧೂಳು (ಕೆಜಿಎಫ್):
ನಮ್ಮಲ್ಲಿ ತಮಿಳೂ ಸೇರುತ್ತೆ. ಆರು ಅಂದರೆ ಕನ್ನಡದಲ್ಲಿ ಎಣಿಕೆ, ಮತ್ತೆ ಬಿಸಿ ಆರೋದು. ತಮಿಳಲ್ಲಿ ನದಿಯೂ ಆರೇ. ರಾಬರ್ಟ್‌ಸನ್‌ಪೇಟೆಯ ಯಾವ ಮಗುವಾದರೂ ಮೂರೂ ಹೇಳುತ್ತೆ.

ಕುಣಿಗಲ್ ಅಣ್ಣನ ಮಾತಿನಲ್ಲೂ ನ್ಯಾಯ ಇದೆ. ಬೇರೆ ಭಾಷೆಯ ಜೋಡಿಗಳನ್ನು ಬೇರೆ ಬಣ್ಣದ ಕಾಗದದಲ್ಲಿ ಬರೆದಿಡಿ. ಎಲ್ಲರಿಗೂ ಬರುವ ಮನೆಯಲ್ಲಿ ಸೇರಿಸಿ, ಇಲ್ಲದಿದ್ದರೆ ಆ ಕಟ್ಟು ಎತ್ತಿಡಿ.

ಕೆರೆಕೋಡಿ (ಕುಣಿಗಲ್):
ಬೇರೆ ಬಣ್ಣ ಆದರೆ ನನ್ನ ತಕರಾರಿಲ್ಲ.

ಟೊಮ್ಯಾಟೊ ಮಂಡಿ (ಕೋಲಾರ):
ಒಂದೇ ಸದ್ದಿನವು ಆಯಿತು. ಹತ್ತಿರದ ಸದ್ದಿನವು ಯಾಕೆ ಬೇಡ? ಲ, ಳ ನೋಡಿ. ನಮ್ಮ ಮಂಡಿಯಲ್ಲಿ ದಿನಾ ಕೇಳೋ ಮಾತು: ಬೆಳೆ ಇದ್ದಾಗ ಬೆಲೆ ಇಲ್ಲ, ಬೆಲೆ ಇದ್ದಾಗ ಬೆಳೆ ಇಲ್ಲ. ಇದನ್ನು ಓದಿಸಿದರೆ ಮಗುವಿಗೆ ಲ, ಳ ಎರಡೂ ಒಂದೇ ಸಲಕ್ಕೆ ಬಂತು.

ಹುಲಿ, ಹುಳಿ. ಕಲೆ, ಕಳೆ. ಎಲೆ, ಎಳೆ. ಅಲೆ, ಅಳೆ. ಮೊಲ, ಮೊಳ. ಹಾಲು, ಹಾಳು. ಇನ್ನು ನ, ಣ: ಮನೆ, ಮಣೆ. ಸುಳಿವಿಗೆ ಎರಡೂ ಸೇರಿಸಿ ಒಂದು ವಾಕ್ಯ ಮಾಡಿಸಿ. 'ಮೊಲಕ್ಕೆ ಒಂದು ಮೊಳ ಮಲ್ಲಿಗೆ.' ತಡವರಿಸದೆ ಹೇಳಿದವರಿಗೆ ಅಂಕ. ತರೀಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ ಓಡಾಡಿದ್ದನ್ನು ಹೇಳಿ ಬೆಳೆದವರಲ್ಲವೇ ನಾವೆಲ್ಲ.

ಮಗ್ಗದಮನೆ (ಶಿರಾ):
ಹಾಗಾದರೆ ಅ, ಹ ಕೂಡ ಹಾಕಿ. ಅಕ್ಕಿ, ಹಕ್ಕಿ. ಆಡು, ಹಾಡು. ಅಲ್ಲಿ, ಹಲ್ಲಿ. ಉಳಿ, ಹುಳಿ. ಒಡೆ, ಹೊಡೆ. ಆದಿ, ಹಾದಿ. ನಮ್ಮ ಹಳ್ಳಿಯಲ್ಲಿ ಆಡುವಾಗ ಇವೆಲ್ಲ ಒಂದೇ ಸದ್ದು. ನಮ್ಮಜ್ಜ 'ಅಕ್ಕಿ ಆರೋಯ್ತು' ಅಂದರೆ ಮುಂದಿನ ಮಾತು ಕೇಳಿಯೇ ಗೊತ್ತು ಮಾಡಿಕೊಳ್ಳಬೇಕು. ಇದು ಸರಿಯಾದ ಸದ್ದಿನಾಟ ನೋಡಿ!

ಬೆಟ್ಟದಡಿ ಮೇಷ್ಟ್ರು (ಮಧುಗಿರಿ):
ಶಿರಾದವರು ಕೊಟ್ಟದ್ದು ಬಂಗಾರದಂಥ ಜೋಡಿಗಳು. ಆದರೆ ಇಲ್ಲಿ ಒಂದು ಮಾತು ಹೇಳಲೇಬೇಕು. ಹ ಬಿಟ್ಟು ಆಡುವವರನ್ನು ನೋಡಿ ನಗುವ ಆಟ ಇದಾಗಬಾರದು. ತರಗತಿಯಲ್ಲಿ ಹಾಲಿಗೆ 'ಆಲು' ಅಂದ ಹುಡುಗನನ್ನು ಉಳಿದವರು ನಕ್ಕು, ಅವನು ಆ ವರ್ಷ ಪೂರ್ತಿ ಎದ್ದು ನಿಂತು ಓದದೇ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಳೇ ಮೈಸೂರಿನ ಎಷ್ಟೋ ಊರುಗಳಲ್ಲಿ ಜನ ಆಡುವುದೇ ಹಾಗೆ. ಅದು ಆ ಊರಿನ ಮಾತು. ಅದರಲ್ಲಿ ತಪ್ಪೇನಿದೆ?

ಪದಗಳ ಹ ಕೂಡ ಎಲ್ಲ ಕಾಲದಲ್ಲೂ ಇದ್ದದ್ದಲ್ಲ. ಹಾಲು ಹಿಂದೆ ಪಾಲು, ಹುಲಿ ಹಿಂದೆ ಪುಲಿ, ಹಕ್ಕಿ ಹಿಂದೆ ಪಕ್ಕಿ. ಪ ಹೋಗಿ ಹ ಬಂತು, ಕೆಲವರ ಬಾಯಲ್ಲಿ ಹ ಕೂಡ ಹೋಯಿತು. ಚಿಂತಾಮಣಿಯವರು ಹೇಳಿದ ತೆಲುಗಿನ ಪಾಲು ಇದೇ ನಮ್ಮ ಹಾಲು. ಇದನ್ನು ಮಕ್ಕಳಿಗೆ ಹೇಳಿದರೆ ನಗುವ ಮುಖದಲ್ಲಿ ಬೆರಗು ಕಾಣುತ್ತದೆ.

ಆಡುವಾಗ ಇಷ್ಟು ಮಾಡಿ. ಯಾವ ಊರಿನವರು ಹೇಗೆ ಹೇಳಿದರೂ ಅದು ಉತ್ತರ. ಬರೆಯುವಾಗ ಮಾತ್ರ ಸರಿಯಾಗಿ ಬರೆಯಿರಿ.

ಮಗ್ಗದಮನೆ (ಶಿರಾ):
ಮೇಷ್ಟ್ರೇ, ಈ ಮಾತು ಬರೆದಿದ್ದಕ್ಕೆ ಧನ್ಯವಾದ. ನಮ್ಮಜ್ಜನಿಗೂ ಓದಿ ಹೇಳಿದೆ. ಪಕ್ಕಿ ಅನ್ನೋದನ್ನ ಅವರು ಹಾಡಿನಲ್ಲಿ ಕೇಳಿದ್ದಾರಂತೆ.

ನಂದಿಗಾಳಿ (ಚಿಕ್ಕಬಳ್ಳಾಪುರ):
ಎರಡನೇ ಕಟ್ಟಿನ ಬಗ್ಗೆ ಯಾರೂ ಮಾತಾಡಲಿಲ್ಲ. ಜಗಳ ಜಾಸ್ತಿ ಆಗೋದು ಅಲ್ಲೇ.

ಸಿಹಿಗೆ ವಿರುದ್ಧ ಏನು? ಪುಸ್ತಕದಲ್ಲಿ ಕಹಿ. ಬೇವು ಬೆಲ್ಲದ ಹಬ್ಬಕ್ಕೆ ಅದು ಸರಿ. ತಿಂಡಿ ಅಂಗಡಿಯಲ್ಲಿ ಸಿಹಿಗೆ ಎದುರು ಖಾರ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ಮೂರೂ ಜಿಲ್ಲೆಯವರು ಬೋರ್‌ವೆಲ್ ಕೊರೆಸಿದ ದಿನ ಕೇಳೋದು 'ಸಿಹಿ ನೀರಾ, ಉಪ್ಪು ನೀರಾ?' ಅಂತ. ಮೂರು ಉತ್ತರ, ಮೂರೂ ಸರಿ.

ಹಸಿಗೆ ನೋಡಿ. ಹಸಿ ಮೆಣಸಿನಕಾಯಿಗೆ ಒಣ ಮೆಣಸಿನಕಾಯಿ. ಹಸಿ ಹಾಲಿಗೆ ಕಾಸಿದ ಹಾಲು. ಹಸಿ ತರಕಾರಿಗೆ ಬೆಂದ ತರಕಾರಿ. ಉಚಿತಕ್ಕೆ ಅನುಚಿತ ಅಂತ ಮಗು ಹೇಳಿದರೆ ಪರೀಕ್ಷೆಯಲ್ಲಿ ಅಂಕ ಬರುತ್ತೆ. 2023ರಿಂದ ಬಸ್ಸಿನಲ್ಲಿ ಉಚಿತ ಟಿಕೆಟ್ ತಗೊಂಡು ಓಡಾಡುವ ಅಮ್ಮನಿಗೆ ಅನುಚಿತ ಬಸ್ಸು ಅಂದರೆ ಏನಂತ ಅರ್ಥ ಆಗಬೇಕು?

ಅದಕ್ಕೇ ನನ್ನ ಸಲಹೆ: ವಿರುದ್ಧಾರ್ಥದ ಚೀಟಿಯಲ್ಲಿ ಒಂಟಿ ಪದ ಬರೆಯಬೇಡಿ. ಜೊತೆಗೊಂದು ಪದ ಇರಲಿ. 'ಸಿಹಿ' ಅಂತ ಬರೆಯೋ ಬದಲು 'ಸಿಹಿ ನೀರು' ಅಂತ ಬರೆಯಿರಿ. 'ಎಳೆ' ಬೇಡ, 'ಎಳೆ ಸೌತೆಕಾಯಿ' ಇರಲಿ, ಆಗ ಬಲಿತದ್ದು ಅಂತ ತಟ್ಟನೆ ಬರುತ್ತೆ. ಇನ್ನೊಂದು: ಅ, ಅನ್, ನಿರ್ ಹಚ್ಚಿದರೆ ಆಗಿಬಿಡುವ ಪದಗಳನ್ನು ತೆಗೆದುಬಿಡಿ. ನ್ಯಾಯ ಅನ್ಯಾಯ, ಶಾಂತಿ ಅಶಾಂತಿ ಇವುಗಳಲ್ಲಿ ಯೋಚನೆ ಮಾಡೋಕೆ ಏನೂ ಇಲ್ಲ. ಬದಲು ಮೂಡಣ ಪಡುವಣ, ತೆಂಕಣ ಬಡಗಣ ಹಾಕಿ. ಈಗಿನ ಮಕ್ಕಳಿಗೆ ಈ ನಾಲ್ಕು ದಿಕ್ಕು ಆಟದಲ್ಲಾದರೂ ಸಿಗಲಿ.

ಹಂಚಿನಮನೆ (ಮಾಲೂರು):
ಜೊತೆಪದ ಒಳ್ಳೇ ಉಪಾಯ. ನಮ್ಮಲ್ಲಿ ಹಳೆಯ ಚೀಟಿಗಳನ್ನೆಲ್ಲ ಹೀಗೆ ತಿದ್ದಿ ಬರೆಯುತ್ತೇನೆ.

ಸಮಾನಾರ್ಥದ ಕಟ್ಟಿಗೆ ನನ್ನದೊಂದು ಪ್ರಶ್ನೆ. ಮುದ್ದೆಗೆ ಸಮಾನ ಪದ ಏನು?

ಕೆರೆಕೋಡಿ (ಕುಣಿಗಲ್):
ಹಿಟ್ಟು. ನಮ್ಮ ಕಡೆ 'ಹಿಟ್ಟು ಉಂಡ್ಯಾ?' ಅಂತಲೇ ಕೇಳೋದು.

ಹಂಚಿನಮನೆ (ಮಾಲೂರು):
ನಗರದ ಮಗು ಹಿಟ್ಟು ಅಂದರೆ ಡಬ್ಬದಲ್ಲಿರೋ ಪುಡಿ ಅನ್ನುತ್ತೆ. ನಮ್ಮ ಅತ್ತೆ ಮನೆಯಲ್ಲಿ ಸಂಗಟಿ ಅಂತಾರೆ. ಯಾವುದಕ್ಕೆ ಅಂಕ?

ಸೊಪ್ಪಿನ ಸಾರು (ಚಿಂತಾಮಣಿ):
ಬಸ್ಸಾರಿನ ಜೊತೆ ತಟ್ಟೆಗೆ ಬೀಳೋದು ಒಂದೇ ಆಗಿದ್ದರೆ ಎರಡಕ್ಕೂ ಅಂಕ ಕೊಡಿ. ಹೇಳಿದವರು ಆ ಪದ ಇಟ್ಟು ಒಂದು ವಾಕ್ಯ ಆಡಿ ತೋರಿಸಬೇಕು, ಅಷ್ಟೇ. ನಮ್ಮಲ್ಲಿ ಇದೇ ತೀರ್ಪು. ಆಡಿ ತೋರಿಸಿದ ಮೇಲೆ ಯಾರೂ ಎದುರು ಮಾತಾಡಲ್ಲ.

ಬೆಟ್ಟದಡಿ ಮೇಷ್ಟ್ರು (ಮಧುಗಿರಿ):
ವಾಕ್ಯದಲ್ಲಿ ಆಡಿಸುವುದು ಬಹಳ ಸರಿಯಾದ ನಿಯಮ. ಸಮಾನಾರ್ಥ ಅಂದರೂ ಎರಡು ಪದ ಪೂರ್ತಿ ಸಮ ಆಗುವುದು ಅಪರೂಪ. ಸಿಟ್ಟು, ಕೋಪ, ಮುನಿಸು ಒಂದೇ ಸಾಲಿನಲ್ಲಿ ಕೊಡುತ್ತೇವೆ. ಬಸ್ಸು ತಡವಾಗಿ ಬಂದರೆ ಕಂಡಕ್ಟರ್ ಮೇಲೆ ಸಿಟ್ಟು ಬರುತ್ತದೆ, ಮುನಿಸು ಬರುವುದಿಲ್ಲ. ಮುನಿಸಿಗೆ ಪ್ರೀತಿ ಇರಬೇಕು. ಹೆಂಡತಿ ಮುನಿಯಬಹುದು, ಮಗಳು ಮುನಿಯಬಹುದು. ವಾಕ್ಯ ಮಾಡಿಸಿದರೆ ಈ ವ್ಯತ್ಯಾಸ ಮಗುವಿಗೇ ಹೊಳೆಯುತ್ತದೆ.

ಬೇಗ ಅನ್ನುವುದಕ್ಕೆ ಹುಡುಕಿಸಿ. ಜಲ್ದಿ, ಬಿರ್ರನೆ, ಸರಸರ, ದಡಬಡ, ಲಗುಬಗೆ. ಬಿರ್ರನೆ ನಡೆಯಬಹುದು, ಬಿರ್ರನೆ ಓದಲಾಗುವುದಿಲ್ಲ. ಅಜ್ಜಿಯ ಹತ್ತಿರ ಇಂಥವು ರಾಶಿ ಇರುತ್ತವೆ. ಆನೆಯ ಸಂಸ್ಕೃತ ಹೆಸರುಗಳಲ್ಲಿ ಓದಿದವರು ಗೆಲ್ಲುತ್ತಾರೆ, ಇದರಲ್ಲಿ ಅಜ್ಜಿ ಗೆಲ್ಲುತ್ತಾರೆ. ಎರಡು ಬಗೆಯ ಚೀಟಿಯನ್ನೂ ಸಮಸಮ ಇಡಮ್ಮ.

ಪದದ ಬಗ್ಗೆ ಜಗಳ ಬಿದ್ದರೆ ಹೆದರಬೇಡಿ. ಪ್ರಜಾವಾಣಿಯಲ್ಲಿ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು 'ಇಗೋ ಕನ್ನಡ' ಅಂಕಣ ಬರೆಯುತ್ತಿದ್ದಾಗ ಓದುಗರು ಇಂಥ ಸಂಶಯಗಳನ್ನೇ ಕಳಿಸುತ್ತಿದ್ದರು. ಪ್ರತಿಯೊಂದಕ್ಕೂ ಎಷ್ಟು ತಾಳ್ಮೆಯ ಉತ್ತರ! ನಾನು ಆ ಕತ್ತರಿಕೆಗಳನ್ನು ಅಂಟಿಸಿ ಇಟ್ಟಿದ್ದೇನೆ. ಯಾವುದಾದರೂ ಪದ ಬೇಕಾದರೆ ಕೇಳಿ, ತೆಗೆದು ನೋಡುತ್ತೇನೆ.

ತೆಂಗಿನಗರಿ (ತಿಪಟೂರು):
ಅಂಕದ ಲೆಕ್ಕ ಸುಲಭ ಇರಲಿ. ಒಂದು ಸರಿ ಉತ್ತರಕ್ಕೆ ಒಂದು. ಮೂರನೇ ಕಟ್ಟಿನಲ್ಲಿ ಮೂರನೇ ಅರ್ಥ ಹುಡುಕಿದರೆ ಇನ್ನೊಂದು. ಸುಳಿವು ಕೊಡುವಾಗ ಚೀಟಿಯಲ್ಲಿರೋ ಪದ ಬಾಯಿಂದ ಬಂದರೆ ಸರದಿ ಹೋಯಿತು.

ಗುಬ್ಬಿಗೂಡು (ತುಮಕೂರು):
ಎಷ್ಟು ಕೊಟ್ಟಿದ್ದೀರಿ ಎಲ್ಲರೂ! ಕೂತು ಬರೆಯೋಕೆ ಶುರು ಮಾಡಿದ್ದೇನೆ. ಸದ್ಯಕ್ಕೆ ಹೀಗೆ ತೀರ್ಮಾನ ಮಾಡಿಕೊಂಡೆ.

ಮೂರನೇ ಕಟ್ಟನ್ನು ಎರಡು ಮಾಡುತ್ತೇನೆ: ಒಂದೇ ಸದ್ದು, ಹತ್ತಿರದ ಸದ್ದು. ಹತ್ತಿರದ ಸದ್ದಿನದಕ್ಕೆ ಕೋಲಾರದವರು ಹೇಳಿದಂತೆ ಎರಡೂ ಪದ ಸೇರಿಸಿ ವಾಕ್ಯ. ಅಕ್ಕಿ ಹಕ್ಕಿ ಚೀಟಿಗಳ ಹಿಂದೆ 'ಹಿಂದೆ ಪಕ್ಕಿ' ಅಂತ ಸಣ್ಣದಾಗಿ ಬರೆಯುತ್ತೇನೆ, ಓದಿ ಹೇಳೋಕೆ. ತೆಲುಗು, ತಮಿಳಿನ ಜೋಡಿಗಳು ಹಳದಿ ಕಾಗದದಲ್ಲಿ. ನಮ್ಮ ಸೊಸೆ ಗೌರಿಬಿದನೂರಿನವಳು, ಆ ಕಟ್ಟು ಅವಳ ಕೈಗೆ. ವಿರುದ್ಧಾರ್ಥಕ್ಕೆಲ್ಲ ಜೊತೆಪದ. ಸಮಾನಾರ್ಥಕ್ಕೆ ವಾಕ್ಯ ಆಡಿ ತೋರಿಸಿದರೆ ಮಾತ್ರ ಅಂಕ.

ಓದಲು ಬಾರದ ಅಜ್ಜಿಗೆ ಚೀಟಿ ಕಿವಿಯಲ್ಲಿ ಹೇಳುವ ಕೆಲಸ ಎದುರು ತಂಡದ ಮಗುವಿನದು. ಮಗು ಆ ಪದವನ್ನು ಸ್ಪಷ್ಟವಾಗಿ ಹೇಳಲೇಬೇಕಾಗುತ್ತದೆ, ಅಜ್ಜಿಯೂ ಆಟದ ಒಳಗೇ ಇರುತ್ತಾರೆ.

ಮೇಷ್ಟ್ರೇ, ಒಂದು ಸಂಶಯ. 'ಪಡಿ' ಅನ್ನೋದನ್ನ ಒಂದೇ ಸದ್ದಿನ ಕಟ್ಟಿಗೆ ಹಾಕಬಹುದಾ? ಅಳತೆಯ ಪಡಿ, ಪಡೆದುಕೋ ಅನ್ನುವ ಪಡೆ. ಆಡುವಾಗ ನಮ್ಮಲ್ಲಿ ಎರಡೂ ಪಡಿ ಅಂತಲೇ ಕೇಳುತ್ತೆ.

ಬೆಟ್ಟದಡಿ ಮೇಷ್ಟ್ರು (ಮಧುಗಿರಿ):
ಹತ್ತಿರದ ಸದ್ದಿಗೆ ಹಾಕು. ಬರೆಯುವಾಗ ಪಡಿ, ಪಡೆ ಬೇರೆ ಬೇರೆ. ಪಡೆಗೆ ಸೈನ್ಯ ಅನ್ನುವ ಅರ್ಥವೂ ಇದೆ, ಆ ಪದಕ್ಕೆ ಒಂದೇ ಸದ್ದಿನಲ್ಲೂ ಒಂದು ಚೀಟಿ ಆಯಿತು.

ಮಗ್ಗದಮನೆ (ಶಿರಾ):
ಅಜ್ಜ ಒಂದು ಚೀಟಿ ಕೊಟ್ಟಿದ್ದಾರೆ, ಸೇರಿಸಿಕೊಳ್ಳಿ ಅಕ್ಕ: ಹೊತ್ತು. 'ಹೊರೆ ಏನು ಮಾಡಿ ಬಂದೆ? ಬಂದಾಗ ಏನು ಮುಳುಗಿತ್ತು?'